ಎರಡು ಬಾಗಿಲಿನ ಗಾಡಿ

ನಿಪ್ಪಾಣಿಯ ತಂಬಾಕಿನ ವಖಾರಿಯೊಂದರ ಹಿಂದಿರುವ ಪತ್ರಾಸಿನ ಶೆಡ್ಡಿನಲ್ಲಿ ಆ ಗಾಡಿ ಹದಿನೇಳು ವರ್ಷ ನಿಂತಿತ್ತು. 2022ರ ಬೇಸಿಗೆಯಲ್ಲಿ ನಾವು ಅಣ್ಣತಮ್ಮಂದಿರಿಬ್ಬರು ಅಬ್ಬಾರನ್ನು ಕರೆದುಕೊಂಡು ಚಿಕ್ಕೋಡಿಯಿಂದ ಅದನ್ನು ನೋಡಲು ಹೋದೆವು. ಬಾಗಿಲು ಸರಿಸಿದ ಕೂಡಲೇ ತಂಬಾಕಿನ ಘಾಟು ಹೊಡೆದು ಮೂವರೂ ಸೀನಿದೆವು. ಗಾಡಿಯ ಮೇಲೆ ಗೋಣಿಚೀಲಗಳ ರಾಶಿ. ನಾಲ್ಕೂ ಟೈರು ನೆಲಕ್ಕೆ ಚಪ್ಪಟೆ. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿದ ಗುರುತು. ಅಬ್ಬಾ ಇದ್ಯಾವುದನ್ನೂ ಗಮನಿಸಲಿಲ್ಲ. ನೇರ ಮುಂದೆ ಹೋಗಿ ಎರಡೂ ಬದಿಯ ಕೊಂಡಿ ತೆಗೆದು, ಗಾಡಿಯ ಇಡೀ ಮೂತಿಯನ್ನು ಮುಂದಕ್ಕೆ ಬಗ್ಗಿಸಿದರು. ಬಾನೆಟ್ಟು, ಮಡ್‌ಗಾರ್ಡು, ದೀಪಗಳು ಎಲ್ಲವೂ ಒಟ್ಟಿಗೇ ಮುಂದೆ ವಾಲಿ, ಇಂಜಿನ್ನು, ಮುಂಗಾಲಿ, ಸ್ಟೇರಿಂಗಿನ ರಾಡು ಬಯಲಿಗೆ ಬಂದವು.

‘ಡ್ರೈವರ್ ಚಾಚಾ, ನಿಮಗ ಇನ್ನೂ ನೆನಪೈತೇನ್ರಿ ಇದು?’ ಎಂದು ಸಾವಕಾರರ ಮೊಮ್ಮಗ ಬೆರಗಿನಿಂದ ಕೇಳಿದ.

‘ತಲಿಗೆ ನೆನಪಿಲ್ರಿ ಸಣ್ಣ ಸಾವಕಾರ್ರ, ಕೈಗೆ ಐತಿ’ ಅಂದರು ಅಬ್ಬಾ.

ಅದು ಸ್ಟ್ಯಾಂಡರ್ಡ್ ಹೆರಾಲ್ಡ್. ಈಗಿನ ಹುಡುಗರಿಗೆ ಆ ಹೆಸರೂ ಗೊತ್ತಿರಲಾರದು. ಲೈಸನ್ಸು, ಪರ್ಮಿಟ್ಟಿನ ಆ ಕಾಲದಲ್ಲಿ ನಮ್ಮ ರಸ್ತೆಗಳ ಮೇಲೆ ಕಾಣುತ್ತಿದ್ದುದು ಮುಖ್ಯವಾಗಿ ಮೂರೇ ಬಗೆಯ ಕಾರು: ಅಂಬಾಸಿಡರ್, ಫಿಯೆಟ್, ಹೆರಾಲ್ಡ್. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂದು ಹುಟ್ಟಿದ ಗಾಡಿ, 1961ರಿಂದ ಮದರಾಸಿನ ಹತ್ತಿರದ ವಂಡಲೂರಿನಲ್ಲಿ ಸ್ಟ್ಯಾಂಡರ್ಡ್ ಎಂಬ ಹೆಸರು ಹೊತ್ತು ತಯಾರಾಗತೊಡಗಿತು. ಅದರ ಆಕಾರ ಬರೆದವನು ಇಟಲಿಯ ಜಿಯೊವಾನ್ನಿ ಮಿಕೆಲೊಟ್ಟಿ. ಬಾಡಿ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿ ಕೊಂಡುಬಿಟ್ಟಿದ್ದರಿಂದ ಕೊವೆಂಟ್ರಿಯವರಿಗೆ ಬೇರೆ ದಾರಿ ಉಳಿದಿರಲಿಲ್ಲ. ಲಾರಿಯ ಹಾಗೆ ಕೆಳಗೊಂದು ಚಾಸಿ ಇಟ್ಟು, ಬಾಡಿಯ ತುಂಡುಗಳನ್ನು ಬೇರೆಬೇರೆ ಕಡೆ ಮಾಡಿಸಿ, ಬೋಲ್ಟು ಹಾಕಿ ಜೋಡಿಸಿದರು. ಅದೇ ಚಾಸಿಯನ್ನು ಮೋಟು ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಹೊರತಂದರು. ಅದು 1980ರ ತನಕ ನಡೆಯಿತು. ನಾವು ಹುಡುಗರಾಗಿದ್ದಾಗ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಕೆಂಪು ಸ್ಪಿಟ್‌ಫೈರಿನ ಚಿತ್ರ ನೋಡಿ, ಕತ್ತರಿಸಿ, ಗೋಡೆಗೆ ಅಂಟಿಸಿದ್ದೆವು. ಅಬ್ಬಾ ಅದನ್ನು ನೋಡಿ, ‘ಇದರ ಅಕ್ಕನ್ನ ನಾ ದಿನಾ ಓಡಸ್ತೀನಿ’ ಎಂದಿದ್ದರು. ನಾವು ನಂಬಿರಲಿಲ್ಲ. ಹೊರದೇಶದಿಂದ ಸ್ಪಿಟ್‌ಫೈರ್ ತರಿಸುವುದು ನಮ್ಮಂಥವರ ಮಾತಲ್ಲ. ನಮ್ಮಲ್ಲೊಬ್ಬ ಚಿಕ್ಕೋಡಿಯಲ್ಲಿ ಪಂಪಿನ ಮೋಟರು ವೈಂಡಿಂಗ್ ಮಾಡುತ್ತಾನೆ, ಇನ್ನೊಬ್ಬ ಹೈಸ್ಕೂಲ್ ಮಾಸ್ತರ. ನಮಗೆ ಸಿಕ್ಕಿದ್ದು ಅಕ್ಕನೇ.

ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಸಣ್ಣ ಇಂಜಿನ್ನಿನ ಹಗುರ ಕಾರುಗಳ ಹುಚ್ಚು ಹಬ್ಬಿತ್ತು. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ 1957ರಲ್ಲಿ ಸೆವೆನ್ ಎಂಬ ಕಾರನ್ನು ಹೊರತಂದ. ಅದರಲ್ಲಿ ಇಲ್ಲದಿದ್ದುದೇ ಹೆಚ್ಚು. ಇಂಜಿನ್ನಿನ ಬಲ ಏರಿಸುವುದಕ್ಕಿಂತ ಮೈಭಾರ ಇಳಿಸುವುದು ಲಾಭ ಎಂಬುದು ಅವನ ಲೆಕ್ಕ. ಈ ಲೆಕ್ಕವನ್ನು ನಮ್ಮ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿಂಚಲಿ ಮಾಯಕ್ಕನ ಜಾತ್ರೆಗೆ ಕುಟುಂಬ ಹೊತ್ತು ಬರುವ ಚಕ್ಕಡಿಯೇ ಬೇರೆ, ಶರ್ಯತ್ತಿನ ಗಾಡಿಯೇ ಬೇರೆ. ಶರ್ಯತ್ತಿನದರಲ್ಲಿ ಒಬ್ಬ ನಿಲ್ಲುವಷ್ಟು ಕಟ್ಟಿಗೆ ಉಳಿಸಿ ಮಿಕ್ಕದ್ದೆಲ್ಲ ಕಿತ್ತಿರುತ್ತಾರೆ. 2014ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿದ ಶರ್ಯತ್ತು, ರಾಜ್ಯಗಳು ಮಾಡಿಕೊಂಡ ತಿದ್ದುಪಡಿಗಳನ್ನು ಅದೇ ಕೋರ್ಟು 2023ರಲ್ಲಿ ಒಪ್ಪಿದ ಮೇಲೆ ಗಟ್ಟಿಯಾಗಿ ನಿಂತಿದೆ. ರಾಯಬಾಗದ ಕಡೆ ನಮ್ಮ ಹೆರಾಲ್ಡ್ ನಿಂತರೆ ಮುದುಕರು ಮೈಲೇಜು ಕೇಳುವುದಿಲ್ಲ. ಹಿಂದಿನ ಮಡ್‌ಗಾರ್ಡ್ ಹಿಡಿದು ಎತ್ತಿ ನೋಡಿ, ‘ಹಗರ ಐತಿ ಬಿಡ್ರಿ’ ಎನ್ನುತ್ತಾರೆ. ಸುಮಾರು ಎಂಟುನೂರು ಕಿಲೋ ಅದರ ತೂಕ.

ಅಬ್ಬಾ 1968ರಲ್ಲಿ, ತಮ್ಮ ಇಪ್ಪತ್ತೆರಡನೇ ವಯಸ್ಸಿನಲ್ಲಿ, ನಿಪ್ಪಾಣಿಯ ಆ ತಂಬಾಕು ವ್ಯಾಪಾರಿಯ ಬಳಿ ಡ್ರೈವರ್ ಆಗಿ ಸೇರಿದರು. ಹೆರಾಲ್ಡ್ ಆಗ ನಾಲ್ಕು ವರ್ಷದ ಕೂಸು. ಎರಡೇ ಬಾಗಿಲು. ಹಿಂದೆ ಕೂರಬೇಕೆಂದರೆ ಮುಂದಿನ ಸೀಟನ್ನು ಮಡಿಸಿ, ಮೈ ಬಗ್ಗಿಸಿ, ಒಂದೊಂದೇ ಕಾಲು ಒಳಗೆಳೆದುಕೊಳ್ಳಬೇಕು. ಸಾವಕಾರರದು ಭಾರೀ ಮೈ, ಮೊಣಕಾಲು ನೋವು ಬೇರೆ. ಅವರು ಒಮ್ಮೆ ಪ್ರಯತ್ನಿಸಿ ಧೋತರ ಸಿಕ್ಕಿಸಿಕೊಂಡು ಬಿಟ್ಟುಬಿಟ್ಟರಂತೆ. ಹೀಗಾಗಿ ಹತ್ತು ವರ್ಷ ಅವರು ಮುಂದಿನ ಸೀಟಿನಲ್ಲಿ, ಅಬ್ಬಾರ ಮಗ್ಗುಲಲ್ಲೇ ಕೂತರು. ಆ ಸಣ್ಣ ಗಾಡಿಯಲ್ಲಿ ಭುಜಕ್ಕೆ ಭುಜ ತಾಗುತ್ತದೆ. ಗೇರ್ ಹಾಕುವಾಗ ಕೈ ಅವರ ತೊಡೆಗೆ ತಾಕುತ್ತದೆ. ದಾರಿಯುದ್ದಕ್ಕೂ ಮಾತು ಬರುತ್ತದೆ. ತಂಬಾಕಿನ ದರ, ಮಗನ ಓದು, ಕೊಲ್ಲಾಪುರದ ಕುಸ್ತಿ. ವಖಾರಿಯ ಅಂಗಳದಲ್ಲಿ ಅಬ್ಬಾರ ಚಹಾದ ಕಪ್ಪು ಬೇರೆ ಗೂಡಿನಲ್ಲಿ ಇರುತ್ತಿತ್ತು. ಗಾಡಿಯೊಳಗೆ ಮಾತ್ರ ಒಂದೇ ಎಲೆಯಡಿಕೆ ಚೀಲ. 1978ರಲ್ಲಿ ಸಾವಕಾರರು ಅಂಬಾಸಿಡರ್ ಕೊಂಡರು. ನಾಲ್ಕು ಬಾಗಿಲು. ಮೊದಲ ದಿನವೇ ಅವರು ಹಿಂದಿನ ಬಾಗಿಲು ತೆಗೆದು ಕೂತರು. ಆಮೇಲೆ ಮಾತೆಲ್ಲ ಕನ್ನಡಿಯಲ್ಲಿ ಎಂದು ಅಬ್ಬಾ ನಗುತ್ತಾರೆ. ಬೇಸರದಿಂದ ಹೇಳುವುದಿಲ್ಲ. ಆದರೆ ಹೆರಾಲ್ಡಿನ ಸುದ್ದಿ ತೆಗೆದಾಗಲೆಲ್ಲ ಈ ಬಾಗಿಲಿನ ಲೆಕ್ಕ ಬಂದೇ ಬರುತ್ತದೆ.

ಅಮ್ಮಾರ ಲೆಕ್ಕ ಬೇರೆ. ಅಮ್ಮಾ ಮತ್ತು ಅವರ ತಂಗಿ, ನಮ್ಮ ಖಾಲಾ, ಚಿಕ್ಕಂದಿನಿಂದ ಬೀಡಿ ಕಟ್ಟಿದವರು. ದಿನವಿಡೀ ಮೊರ ತೊಡೆಯ ಮೇಲಿಟ್ಟು ಕಟ್ಟಿದ ಬೀಡಿಯನ್ನು ಸಂಜೆ ಒಯ್ದು ಕೊಟ್ಟರೆ, ಎಣಿಸುವವನು ಹಿಡಿಹಿಡಿ ಬೀಡಿಯನ್ನು ಚಲೋ ಇಲ್ಲವೆಂದು ಬದಿಗೆ ಸರಿಸುತ್ತಿದ್ದ. ಬದಿಗೆ ಸರಿಸಿದ್ದಕ್ಕೆ ಕೂಲಿ ಇಲ್ಲ, ಬೀಡಿಯೂ ವಾಪಸ್ ಇಲ್ಲ. ಸಾವಕಾರರು ಅಲ್ಲಿಗೆ ಬರುತ್ತಿದ್ದುದು ಈ ಹೆರಾಲ್ಡಿನಲ್ಲೇ. ಅದರ ಹಾರ್ನು ಕೇಳಿಸಿದ ಕೂಡಲೇ ಎಣಿಸುವವನ ಕೈ ಬಿರುಸಾಗುತ್ತಿತ್ತಂತೆ. ಗಾಡಿ ಕೊಳ್ಳುವ ಮಾತು ಎತ್ತಿದಾಗ ಅಮ್ಮಾ ಹೇಳಿದ್ದು ಇಷ್ಟು: ‘ಅದರ ಹಾರ್ನು ನಮ್ಮ ಬಾಗಲದಾಗ ಕೇಳಬೇಕೇನ್ರೋ ನಾ?’ (ಮನೆಯಲ್ಲಿ ನಮ್ಮದು ದಖನಿ. ಇಲ್ಲಿ ನಮ್ಮೂರ ಕನ್ನಡಕ್ಕೆ ತಂದಿದ್ದೇವೆ.) ಆಮೇಲೆ ಇನ್ನೊಂದು ಮಾತು ಸೇರಿಸಿದರು. ‘ಇದು ಇಸ್ರಾಫ್ ಅಲ್ಲೇನು? ದುಡ್ಡು ಹೆಚ್ಚಾಗಿದ್ದರ ಝಕಾತ್ ತೆಗೀರಿ.’

ದುಂದಿನ ಪ್ರಶ್ನೆಗೆ ನಮ್ಮ ಬಳಿ ಒಳ್ಳೆಯ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಗಾಡಿಗೆ ಕೊಟ್ಟದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ಮುಂದಿನ ಎರಡು ವರ್ಷದಲ್ಲಿ ಅದು ನುಂಗಿದ್ದು ಅದಕ್ಕಿಂತ ಹೆಚ್ಚು. ಆ ಹಣದಲ್ಲಿ ಹಳೆಯ ಮಾರುತಿ ಕೊಂಡು ಎಲ್ಲರೂ ಸುಖವಾಗಿ ಓಡಾಡಬಹುದಿತ್ತು. ಊರಿನ ಮೌಲಾನಾರನ್ನು ಕೇಳಿದೆವು. ಸ್ವಂತ ಬಳಕೆಯ ವಾಹನಕ್ಕೆ ಝಕಾತ್ ಬರುವುದಿಲ್ಲ ಎಂದರು. ಅಮ್ಮಾ ಅದನ್ನೇ ಹಿಡಿದುಕೊಂಡರು. ‘ಹಂಗಾದರ ಬಳಸಬೇಕು. ಬರೇ ಒರೆಸಿ ಒರೆಸಿ ನಿಲ್ಲಿಸಿದರ ಅದು ಗಾಡಿ ಅಲ್ಲ, ಪೆಟ್ಟಿಗೆಯಾಗಿನ ಬಂಗಾರ.’

ಈ ಮಾತು ನಮಗೆ ಆರ್‌ಟಿಒ ಕಚೇರಿಯಲ್ಲಿ ಉಪಯೋಗಕ್ಕೆ ಬಂತು. 2021ರಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆಂದು ಹೊಸ ನಿಯಮ ತಂದಿತು. ಇಪ್ಪತ್ತು ಸಾವಿರ ಕಟ್ಟಿದರೆ ವಿಎ ಎಂಬ ಅಕ್ಷರವಿರುವ ಬೇರೆ ನಂಬರು, ಹತ್ತು ವರ್ಷದ ನೋಂದಣಿ. ಆದರೆ ಅಂಥ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಾವು ಬೇಡವೆಂದೆವು. ಸಾವಕಾರರ ಹೆಸರಿನಿಂದ ವಾರಸುದಾರನ ಹೆಸರಿಗೆ ಫಾರಂ 31, ಅಲ್ಲಿಂದ ನಮ್ಮ ಹೆಸರಿಗೆ 29 ಮತ್ತು 30, ಆಮೇಲೆ ನವೀಕರಣ. ಹದಿನೈದು ವರ್ಷ ದಾಟಿದ ಕಾರಿನ ನವೀಕರಣದ ಶುಲ್ಕ ಆರುನೂರು ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ ಐದು ಸಾವಿರವಾಗಿತ್ತು. ನಾವು ಒಂದು ತಿಂಗಳು ತಡ. ಮೈಸೂರು ರಾಜ್ಯದ ಕಾಲದ ಹಳೆಯ ನಂಬರು ಹಾಗೇ ಉಳಿಯಿತು.

ರಿಪೇರಿಯ ಕಥೆ ಉದ್ದ. ನಮ್ಮೂರ ಗ್ಯಾರೇಜುಗಳ ಪಾನಾಗಳೆಲ್ಲ ಮಿಲಿಮೀಟರಿನವು. ಹೆರಾಲ್ಡಿನ ನಟ್ಟುಗಳು ಇಂಚಿನವು. ಹತ್ತಿರದ ಅಳತೆಯ ಪಾನಾ ಹಾಕಿ ತಿರುಗಿಸಿ ಎರಡು ನಟ್ಟಿನ ಮೂಲೆ ಸವೆಸಿದ ಮೇಲೆ ಅಬ್ಬಾ ಸುಮ್ಮನೆ ಎದ್ದುಹೋಗಿ, ಮಂಚದ ಕೆಳಗಿಂದ ಗೋಣಿ ತಾಟಿನಲ್ಲಿ ಸುತ್ತಿದ ಗಂಟು ತಂದರು. ಎಣ್ಣೆ ಸವರಿಟ್ಟ ಇಂಚಿನ ಪಾನಾಗಳು. ಕೆಲಸ ಬಿಟ್ಟು ಸುಮಾರು ನಲವತ್ತು ವರ್ಷವಾದರೂ ಅವನ್ನು ಯಾಕೆ ಇಟ್ಟುಕೊಂಡಿದ್ದರು ಎಂದು ನಾವು ಕೇಳಲಿಲ್ಲ.

ಬೋಲ್ಟು ಬಿಚ್ಚಿದರೆ ಬಾಡಿಯೆಲ್ಲ ತುಂಡುತುಂಡಾಗಿ ಬರುವುದು ಈ ಗಾಡಿಯ ದೊಡ್ಡ ಗುಣ. ತುಕ್ಕು ತಿಂದ ಭಾಗಗಳನ್ನು ಟೆಂಪೊದಲ್ಲಿ ಹೇರಿಕೊಂಡು ಕುಡಚಿ, ಉಗಾರ, ಕಾಗವಾಡದ ಮೇಲಿಂದ ಮಿರಜಕ್ಕೆ ಒಯ್ದೆವು. ಕಾಗವಾಡ ದಾಟುವಾಗ ಪೊಲೀಸರೊಬ್ಬರು ಬಾಗಿಲು, ಮೂತಿ ಎಲ್ಲ ಬಿಡಿಬಿಡಿಯಾಗಿ ಬಿದ್ದದ್ದು ಕಂಡು, ‘ಎಷ್ಟು ಮಂದಿ ಇದ್ರು ಒಳಗ?’ ಎಂದು ಕನಿಕರದಿಂದ ಕೇಳಿದರು. ಮಿರಜದಲ್ಲಿ ಪತ್ರಾ ಕೆಲಸ ಮಾಡಿದ ಉಸ್ತಾದರು ಶಿಕಲಗಾರ ಮನೆತನದವರು. ಮಿರಜದ ಸಿತಾರು, ತಂಬೂರಿ ಮಾಡುವ ಮನೆತನಗಳ ಹಿರೀಕರೂ ಶಿಕಲಗಾರರೇ, ಕತ್ತಿ ಸಾಣೆ ಹಿಡಿಯುತ್ತಿದ್ದವರು. ಕತ್ತಿಯ ಕಾಲ ಮುಗಿದಾಗ ಕೆಲವರು ತಂಬೂರಿಗೆ ಹೋದರು, ಕೆಲವರು ಕಬ್ಬಿಣದಲ್ಲೇ ಉಳಿದರು. ಉಸ್ತಾದರ ಕೈಯಲ್ಲಿ ಕಟ್ಟಿಗೆಯ ಕೊಡತಿ, ಕೆಳಗೆ ಮರಳಿನ ಚೀಲ. ಹೊಸ ಕಾರಿನ ಬಾಗಿಲು ಸೊಟ್ಟಾದರೆ ಬದಲಿಸುತ್ತಾರೆ, ಬಡಿಯುವುದಿಲ್ಲ. ಅವರ ಮಗ ಪುಣೆಯ ಕಂಪನಿಯಲ್ಲಿದ್ದಾನೆ. ‘ನನ್ನ ಕೈ ಇರೂತನಾ ಗಾಡಿ ಬಡಸ್ಕೊಂಡು ಹೋಗ್ರಿ’ ಎಂದರು.

ತಿರುಗಣಿಯ ಕೆಲಸ, ನೀರಿನ ಪಂಪು, ತಾಮ್ರದ ಗ್ಯಾಸ್ಕೆಟ್ಟು, ಇವೆಲ್ಲ ಕೊಲ್ಲಾಪುರದ ಉದ್ಯಮನಗರದಲ್ಲಿ ಆದವು. ಡೈನಮೋದ ವೈಂಡಿಂಗ್ ನಮ್ಮ ಅಂಗಡಿಯಲ್ಲೇ. ಕೊನೆಗೂ ಕಾಡಿದ್ದು ಪೆಟ್ರೋಲು. ಗಾಡಿ ಹುಟ್ಟಿದಾಗ ಪೆಟ್ರೋಲಿನಲ್ಲಿ ಎಥೆನಾಲ್ ಇರಲಿಲ್ಲ. 2025ರ ಹೊತ್ತಿಗೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತದ್ದೇ ಬಂಕಿನಲ್ಲಿ ಸಿಗತೊಡಗಿತು. ಅದು ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಎಳೆದುಕೊಂಡು ಟ್ಯಾಂಕಿನಲ್ಲಿ ತುಕ್ಕು ಹಿಡಿಸುತ್ತದೆ. ಪಂಪಿನ ಪರದೆ ಎರಡು ಸಲ ಹರಿಯಿತು. ಈಗ ಪೈಪು, ಪರದೆ ಎಲ್ಲವನ್ನೂ ಬೇರೆ ಜಾತಿಯ ರಬ್ಬರಿನಲ್ಲಿ ಹಾಕಿಸಿದ್ದೇವೆ. ಆ ಎಥೆನಾಲ್ ಬರುವುದಾದರೂ ಎಲ್ಲಿಂದ? ಅಥಣಿ, ಚಿಕ್ಕೋಡಿ ಸೀಮೆಯ ಕಬ್ಬಿನಿಂದಲೂ. ನಮ್ಮ ನೆಂಟರ ಹೊಲದ ಕಬ್ಬೇ ಸುತ್ತಿ ಬಂದು ನಮ್ಮ ಕಾರ್ಬುರೇಟರನ್ನು ತಿನ್ನುತ್ತದೆ. ರೈತನ ಬಿಲ್ಲು ಬೇಗ ಬಂದರೆ ತಿನ್ನಲಿ ಬಿಡಿ.

ಓಡಿಸುವುದನ್ನು ಅಬ್ಬಾ ಕಲಿಸಿದರು. ನಾವು ಇಬ್ಬರೂ ಇಪ್ಪತ್ತು ವರ್ಷದಿಂದ ಗಾಡಿ ಹೊಡೆಯುವವರು, ಆದರೂ ಮೊದಲ ದಿನ ಕುರುಡರ ಹಾಗಾದೆವು. ಅಂಬಾಸಿಡರ್, ಫಿಯೆಟ್‌ಗಳ ಗೇರು ಸ್ಟೇರಿಂಗಿನ ಕೆಳಗೆ. ಹೆರಾಲ್ಡಿನದು ನೆಲದ ಮೇಲೆ, ಸಣ್ಣ ಕಡ್ಡಿ. ಓಡುವಾಗ ಮೊದಲನೇ ಗೇರಿಗೆ ಹಾಗೇ ಇಳಿಸಿದರೆ ಹಲ್ಲು ಕಡಿಯುತ್ತದೆ. ಎರಡು ಸಲ ಕ್ಲಚ್ಚು ತುಳಿದು, ನಡುವೆ ಒಂದಿಷ್ಟು ಎಕ್ಸಿಲೇಟರ್ ಕೊಟ್ಟು, ಇಂಜಿನ್ನಿನ ದನಿ ಕೇಳಿ ಹಾಕಬೇಕು. ಇಂಜಿನ್ನು 948 ಸಿಸಿ, ಈಗಿನ ಸಣ್ಣ ಕಾರಿನಷ್ಟೂ ಬಲವಿಲ್ಲ. ಆದರೆ ಮೈ ಹಗುರ. ನಲವತ್ತರ ವೇಗವೇ ಎಂಬತ್ತರಂತೆ ಅನ್ನಿಸುತ್ತದೆ. ರಸ್ತೆಯ ಪ್ರತಿ ಹರಳೂ ಸ್ಟೇರಿಂಗಿನಲ್ಲಿ ಕೈಗೆ ತಿಳಿಯುತ್ತದೆ. ಕಬ್ಬೂರಿನಿಂದ ರಾಯಬಾಗಕ್ಕೆ ಬೆಳಗಿನ ಫಜರ್ ನಮಾಜು ಮುಗಿಸಿ ಹೊರಟರೆ, ಕಬ್ಬಿನ ಹೊಲದ ತಂಪು ಒಂದು ಕಡೆಯಿಂದ, ಬೆಲ್ಲದ ಗಾಣದ ಬಿಸಿ ಇನ್ನೊಂದು ಕಡೆಯಿಂದ ನೇರ ಮುಖಕ್ಕೆ ಬರುತ್ತದೆ.

ಒಂದು ಅಪಾಯವಿದೆ. ಹಿಂದಿನ ಗಾಲಿಗಳು ನಡುವಿನಿಂದ ರೆಕ್ಕೆಯ ಹಾಗೆ ಮೇಲೆ ಕೆಳಗೆ ಆಡುತ್ತವೆ. ತಿರುವಿನಲ್ಲಿ ವೇಗವಾಗಿ ನುಗ್ಗಿ, ಹೆದರಿ, ತಟ್ಟನೆ ಎಕ್ಸಿಲೇಟರ್ ಬಿಟ್ಟರೆ ಹಿಂಭಾಗ ಮೇಲೆದ್ದು ಹೊರಗಿನ ಗಾಲಿ ಒಳಗೆ ಮಡಚಿಕೊಳ್ಳುತ್ತದೆ, ಗಾಡಿ ತಿರುಗಿಬೀಳುತ್ತದೆ. ಇಂಗ್ಲೆಂಡಿನವರು ಈ ದೋಷದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಅಬ್ಬಾ ಓದಿದವರಲ್ಲ. ‘ತಿರುವಿನೊಳಗ ಹೋಗೂಕ್ಕಿಂತ ಮೊದಲ ಅಂಜ್ರಿ. ಒಳಗ ಹೋದ ಮ್ಯಾಲ ಅಂಜಬ್ಯಾಡ್ರಿ’ ಎಂದರು. ಎದುರಿಗೆ ಎರಡು ಡಬ್ಬಿ ಕಬ್ಬು ಹೇರಿಕೊಂಡು, ಹಿಂದಿನ ದೀಪವಿಲ್ಲದೆ, ಹಾಡು ಹಚ್ಚಿಕೊಂಡು ಟ್ರ್ಯಾಕ್ಟರು ಬರುವ ನಮ್ಮ ರಸ್ತೆಗಳಲ್ಲಿ ಮೊದಲೇ ಅಂಜುವುದು ಕಷ್ಟವೇನಲ್ಲ.

ಈ ಗಾಡಿಯ ಹಗುರತನದ್ದೇ ಒಂದು ಕಥೆ 1981ರದ್ದು. ಆ ವರ್ಷ ತಂಬಾಕಿಗೆ ಸರಿಯಾದ ಬೆಲೆ ಬೇಕೆಂದು ಶರದ ಜೋಶಿಯವರ ಮುಂದಾಳತ್ವದಲ್ಲಿ ಸಾವಿರಾರು ರೈತರು ನಿಪ್ಪಾಣಿಯ ಬಳಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆಯೇ ವಾರಗಟ್ಟಲೆ ಕೂತರು. ಏಪ್ರಿಲ್‌ನಲ್ಲಿ ಪೊಲೀಸರ ಗೋಲಿಬಾರಿಗೆ ರೈತರು ಬಲಿಯಾದರು. ಅದಕ್ಕೂ ಕೆಲವು ದಿನ ಮುಂಚೆ ಸಾವಕಾರರು ರಾತ್ರಿ ಚಿಕ್ಕೋಡಿಗೆ ಹೋಗಬೇಕೆಂದರು. ಅಂಬಾಸಿಡರ್ ಎಲ್ಲರಿಗೂ ಗುರುತು. ಹೆರಾಲ್ಡನ್ನು ತೆಗೆದು, ದೀಪ ಆರಿಸಿ, ಹೊಲದ ಬಂಡಿದಾರಿ ಹಿಡಿದರು. ಕಬ್ಬಿಗೆ ಬಿಟ್ಟ ನೀರು ಹಾದಿಗೆ ಬಂದು ಎರೆಮಣ್ಣಿನಲ್ಲಿ ಗಾಲಿ ಹೂತವು. ಕತ್ತಲಲ್ಲಿ ನಾಲ್ಕು ಜನ ಬಂದರು. ಬುತ್ತಿಗಂಟು ಹೊತ್ತು ಹೆದ್ದಾರಿಗೆ ಹೊರಟಿದ್ದ ರೈತರು. ಮುಂದಿನ ಸೀಟಿನಲ್ಲಿ ಟಾವೆಲ್ಲು ಹೊದ್ದು ಕೂತವರು ಯಾರೆಂದು ಅವರಿಗೆ ಗೊತ್ತಾಯಿತು. ಅಬ್ಬಾರ ಎದೆ ಡವಗುಟ್ಟಿತು. ನಾಲ್ವರೂ ಏನೂ ಅನ್ನದೆ ಹಿಂದಿನ ಮಡ್‌ಗಾರ್ಡಿಗೆ ಕೈ ಹಾಕಿ ಎತ್ತಿ ಗಟ್ಟಿ ನೆಲಕ್ಕಿಟ್ಟರು. ಹೋಗುವಾಗ ಒಬ್ಬ, ‘ಗಾಡಿ ಹಗರ ಐತಿ ಡ್ರೈವರ ಸಾಹೇಬ್ರ. ಒಳಗ ಕುಂತದ್ದ ಬಾಳ ವಜ್ಜಿ’ ಅಂದನಂತೆ. ಸಾವಕಾರರು ಚಿಕ್ಕೋಡಿ ಬರುವ ತನಕ ಮಾತಾಡಲಿಲ್ಲ. ಅದೇ ವರ್ಷದ ಕೊನೆಗೆ ಅಬ್ಬಾ ಕೆಲಸ ಬಿಟ್ಟು ಬಾಡಿಗೆ ಟೆಂಪೊ ಹಿಡಿದರು. ಎರಡಕ್ಕೂ ಸಂಬಂಧವಿದೆಯೇ ಎಂದರೆ, ‘ನಿಮ್ಮ ಅಮ್ಮಾನ್ನ ಕೇಳ್ರಿ’ ಎನ್ನುತ್ತಾರೆ. ಅಮ್ಮಾ ಹೇಳುವುದಿಲ್ಲ.

ಗಾಡಿ ಮನೆಗೆ ಬಂದು ಮೂರು ವರ್ಷ ಕಳೆದರೂ ಅಮ್ಮಾ ಅದರಲ್ಲಿ ಕೂತಿರಲಿಲ್ಲ. ಮಾತು ಬಿಟ್ಟಿರಲಿಲ್ಲ, ನೀರು ಹಾಕಿ ತೊಳೆಯಲು ಬಕೆಟ್ಟು ಕೊಡುತ್ತಿದ್ದರು, ಹಬ್ಬದ ದಿನ ಅದರ ಮೇಲೆ ಕೂತ ಮೊಮ್ಮಕ್ಕಳನ್ನು ಇಳಿಸುತ್ತಿದ್ದರು. ಹತ್ತುತ್ತಿರಲಿಲ್ಲ. ನಾವು ಹಾರ್ನು ಬದಲಿಸಿದೆವು. ಆಗಲೂ ಹತ್ತಲಿಲ್ಲ.

ಕಳೆದ ಜನವರಿಯಲ್ಲಿ ಖಾಲಾಗೆ ಮೈ ಹುಷಾರಿಲ್ಲವೆಂದು ಅಥಣಿಯಿಂದ ಫೋನು ಬಂತು. ತಂಬಾಕಿನ ಪುಡಿ ಉಸಿರಾಡಿದ ಎದೆ, ಚಳಿಗೆ ಕೆಮ್ಮು ಏರುತ್ತದೆ. ಅಬ್ಬಾ ಮತ್ತು ನಾವಿಬ್ಬರು ಹೆರಾಲ್ಡಿನಲ್ಲಿ ಹೊರಟೆವು. ಅಮ್ಮಾ ಬಸ್ಸಿಗೆ ಹೋದರು. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆಯೂ ಇಲ್ಲ. ರಾಯಬಾಗದಲ್ಲಿ ಚಹಾ, ಕುಡಚಿಯಲ್ಲಿ ರೇಡಿಯೇಟರಿಗೆ ನೀರು, ಸೇತುವೆಯ ಮೇಲೆ ನಿಂತು ಕೃಷ್ಣೆಯನ್ನು ನೋಡಿದ್ದು, ಉಗಾರದಲ್ಲಿ ಸಕ್ಕರೆ ಕಾರ್ಖಾನೆಯ ಕಬ್ಬಿನ ಸಾಲಿನ ಹಿಂದೆ ಸಿಕ್ಕಿಕೊಂಡು ಅರ್ಧ ತಾಸು. ನಾವು ಅಥಣಿ ಮುಟ್ಟಿದಾಗ ಅಮ್ಮಾ ಆಗಲೇ ತಂಗಿಯ ತಲೆಗೆ ಎಣ್ಣೆ ಹಚ್ಚುತ್ತಾ ಕೂತಿದ್ದರು.

ಖಾಲಾ ಕಂಬಳಿ ಹೊದ್ದು ಹೊರಗೆ ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಬಣ್ಣ ಅದೇ, ಮಾಸಲು ಹಸಿರು, ನಾವು ಬದಲಿಸಿರಲಿಲ್ಲ.

‘ದುಲ್ಲಾಭಾಯಿ, ಸಾವಕಾರ್ರು ಎಲ್ಲಿ ಕುಂಡ್ರತಿದ್ರು?’

ಅಬ್ಬಾ ಎಡಗಡೆಯ ಮುಂದಿನ ಸೀಟು ತೋರಿಸಿದರು.

‘ಮುಂದ? ನಿಮ್ಮ ಬಾಜೂಕ? ನಾವು ಹಿಂದ ಕುಂಡ್ರತಾರ ಅಂದ್ಕೊಂಡಿದ್ವಿ.’

ಅಬ್ಬಾ ಬಾಗಿಲು, ಮೊಣಕಾಲು, ಧೋತರದ ಕಥೆ ಹೇಳಿದರು. ಖಾಲಾ ನಕ್ಕು ನಕ್ಕು ಕೆಮ್ಮು ಹತ್ತಿತು. ಕೆಮ್ಮು ನಿಂತ ಮೇಲೆ ಬಾಗಿಲು ತೆಗೆಯಲು ಹೇಳಿ, ಆ ಸೀಟಿನಲ್ಲಿ ಕೂತು, ಅಂಗೈಯಿಂದ ಒತ್ತಿ ನೋಡಿದರು. ಎಲೆ ಮಡಚಿ ಮಡಚಿ ಸೊಟ್ಟಾದ ಬೆರಳುಗಳು. ‘ಮೆತ್ತಗೇನೂ ಇಲ್ಲ’ ಎಂದರು. ಆಮೇಲೆ, ‘ನಡೀರಿ, ಮಸೀದಿ ಚೌಕದ ತನಾ.’

ಅಬ್ಬಾ ನಮ್ಮ ಕಡೆ ನೋಡಿದರು. ಅವರು ಐದು ವರ್ಷಕ್ಕೊಮ್ಮೆ ಡಾಕ್ಟರ ಸರ್ಟಿಫಿಕೇಟು ಕೊಟ್ಟು ಲೈಸನ್ಸು ನವೀಕರಿಸುತ್ತಲೇ ಬಂದವರು, ಆದರೆ ಕಣ್ಣಿನ ಆಪರೇಶನ್ ಆದ ಮೇಲೆ ರಸ್ತೆಗೆ ಇಳಿದಿರಲಿಲ್ಲ. ನಾವು ಕೀಲಿ ಕೊಟ್ಟೆವು. ಓಣಿಯಲ್ಲಿ ಮೊದಲನೇ ಗೇರು, ಎರಡನೇ ಗೇರು, ಅಷ್ಟೇ. ಚಪ್ಪಲಿ ಹೊಲಿಯುವವರು ಕೈ ಬಿಟ್ಟು ನೋಡಿದರು. ಚೌಕದಲ್ಲಿ ಒಂದು ಟ್ರ್ಯಾಕ್ಟರು, ಎರಡು ಕೈಗಾಡಿ ನಿಂತಿದ್ದವು. ಲಂಡನ್ನಿನ ಟ್ಯಾಕ್ಸಿಯಷ್ಟೇ ಸಣ್ಣ ಜಾಗದಲ್ಲಿ, ಇಪ್ಪತ್ತೈದು ಅಡಿ ವ್ಯಾಸದ ಸುತ್ತಿನಲ್ಲಿ ಹೆರಾಲ್ಡ್ ತಿರುಗುತ್ತದೆ ಎಂದು ಅಬ್ಬಾ ನಮಗೆ ಎಷ್ಟೋ ಸಲ ಹೇಳಿದ್ದಾರೆ. ನಾವು ಮಾಡಲು ಹೋದಾಗಲೆಲ್ಲ ರಿವರ್ಸ್ ಹಾಕಬೇಕಾಗುತ್ತಿತ್ತು. ಅವರು ಸ್ಟೇರಿಂಗನ್ನು ಪೂರಾ ಎಳೆದು, ನಿಲ್ಲದೆ, ಟ್ರ್ಯಾಕ್ಟರಿನ ಡಬ್ಬಿಗೆ ಒಂದು ಗೇಣು ಬಿಟ್ಟು, ಒಂದೇ ಏಟಿಗೆ ತಿರುಗಿಸಿಕೊಂಡು ಬಂದರು.

ಮನೆಯ ಮುಂದೆ ನಿಂತಾಗ ಖಾಲಾ ಇಳಿಯಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಅಕ್ಕನನ್ನು ಕೂಗಿದರು. ‘ಆಪಾ, ನೀನೂ ಬಾ. ಕುಡಚಿ ದರ್ಗಾಕ್ಕ ಹೋಗೂಣು. ಈ ಸೀಟು ನಾ ಬಿಡಾಂಗಿಲ್ಲ, ನೀ ಹಿಂದ ಕುಂಡರು.’

ಅಮ್ಮಾ ಎಣ್ಣೆಯ ಕೈ ಸೆರಗಿಗೆ ಒರೆಸಿಕೊಂಡು ಸ್ವಲ್ಪ ಹೊತ್ತು ಹೊಸ್ತಿಲಲ್ಲೇ ನಿಂತರು. ಅಬ್ಬಾ ಇಳಿದು, ತಮ್ಮ ಸೀಟನ್ನು ಮುಂದಕ್ಕೆ ಮಡಿಸಿ, ಬಾಗಿಲು ಹಿಡಿದು ಕಾದರು. ಅಮ್ಮಾ ಚಪ್ಪಲಿ ಮೆಟ್ಟಿಕೊಂಡು ಬಂದು, ತಲೆ ಬಗ್ಗಿಸಿ, ಒಂದೊಂದೇ ಕಾಲು ಒಳಗೆಳೆದುಕೊಂಡು, ‘ಇಷ್ಟು ಸಣ್ಣ ಕಿಂಡಿಯಾಗ ಹೆಂಗಪಾ ಹೋಗೂದು’ ಎಂದು ಬೈಯುತ್ತಾ ಹತ್ತಿದರು. ನಮಗೆ ಜಾಗ ಉಳಿಯಲಿಲ್ಲ. ನಾವು ಬಸ್ಸಿನಲ್ಲಿ ಹೋದೆವು.